ಷರಾ: ಆಸಕ್ತಿ ಇಲ್ಲ

(ಮಡಿಕೇರಿಯಲ್ಲಿ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘದವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ದಾರಿ ತಪ್ಪಿದ ಕಡೆ ಅಷ್ಟಿಷ್ಟು ತಿದ್ದಿದ್ದೇನೆ, ಪೂರ್ತಿ ಅಲ್ಲ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಅರ್ಧ ಜನ ಹಾಜರಿ ಪುಸ್ತಕ ಬರೆದವರೇ. ಅದರ ಕೊನೆಯ ಕಾಲಂ ನಿಮಗೆ ಗೊತ್ತು: ಷರಾ. ಅಗಲ ಎರಡು ಬೆರಳು. ಒಬ್ಬ ಮನುಷ್ಯ ಕಲಿಯುವುದನ್ನು ಬಿಟ್ಟು ಹೋದ ಕಾರಣವನ್ನು ಆ ಎರಡು ಬೆರಳಿನ ಜಾಗದಲ್ಲಿ ತುಂಬಿಸಬೇಕು. ಅದಕ್ಕೇ ಇರಬೇಕು, ಎಲ್ಲರೂ ಬರೆಯುವುದು ಎರಡೇ ಪದ: ಆಸಕ್ತಿ ಇಲ್ಲ.

ನಾನೂ ಬರೆದಿದ್ದೇನೆ. ಹೈಸ್ಕೂಲಿನಿಂದ ನಿವೃತ್ತಿಯಾದ ಮೇಲೆ, ಊರಿನ ಇಳಿಜಾರಿನಲ್ಲಿರುವ ಒಂದು ಕಾಲೋನಿಯವರಿಗೆಂದು ಸಂಜೆ ತರಗತಿ ಶುರು ಮಾಡಿದೆ. ಜೂನ್ ತಿಂಗಳು. ಶಾಲೆ ಶುರುವಾಗುವುದು ಜೂನಿನಲ್ಲಿ, ಹಾಗಾಗಿ ನನ್ನ ತಲೆಯಲ್ಲೂ ಜೂನ್. 23 ಜನ ಹೆಸರು ಕೊಟ್ಟರು. ಆಗಸ್ಟಿಗೆ ಉಳಿದವರು 6 ಜನ. 17 ಹೆಸರಿನ ಎದುರು ಅದೇ ಎರಡು ಪದ ಬರೆದು ಪುಸ್ತಕ ಮುಚ್ಚಿದೆ.

ಮಳೆ ಬಿಟ್ಟ ಮೇಲೆ ಒಂದು ಶುಕ್ರವಾರ ಸಂತೆಯಲ್ಲಿ ಆ 17ರಲ್ಲಿ ಒಬ್ಬರು ಸಿಕ್ಕಿದರು. ‘ಯಾಕಕ್ಕ, ಬರಲೇ ಇಲ್ಲ?’ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಟೀಚರೇ, ಮನೆಯಲ್ಲಿ ಕೊಡೆ ಒಂದೇ. ಮಗ ಟ್ಯೂಶನ್‌ಗೆ ತಗೊಂಡು ಹೋಗ್ತಾನೆ’ ಅಂದರು.

ಮಡಿಕೇರಿಯ ಜುಲೈ ಮಳೆ ಏನು ಅಂತ ನಿಮಗೆ ನಾನು ವರ್ಣಿಸಬೇಕಾಗಿಲ್ಲ. ಆ ಮಳೆಯಲ್ಲಿ ಕೊಡೆ ಇಲ್ಲದೆ ಮೇಲಿನ ರಸ್ತೆಗೆ ಹತ್ತಿ ಬರುವುದನ್ನು ನಾನು ‘ಆಸಕ್ತಿ’ ಅಂತ ಕರೆದಿದ್ದೆ. ಇವತ್ತಿನ ಮಾತೆಲ್ಲ ಆ ಷರಾ ಕಾಲಂ ಬಗ್ಗೆಯೇ.

ಮೊದಲು, ಇವರೆಲ್ಲ ಯಾರು ಅಂತ ಹೇಳಿಬಿಡುತ್ತೇನೆ. ಕೊಡಗು ಅಂದರೆ ಹೊರಗಿನವರ ಕಣ್ಣಿಗೆ ತೋಟ, ಮಂಜು, ಹೋಂಸ್ಟೇ. ನಗರದ ಬಡತನ ಅಂದರೆ ಬೆಂಗಳೂರು, ಹುಬ್ಬಳ್ಳಿ ನೆನಪಾಗುತ್ತದೆ, ನಮ್ಮ ಜಿಲ್ಲೆ ಅಲ್ಲ. ಅಂಕಿಗಳೂ ನಮ್ಮನ್ನು ಹಾಗೇ ಮಲಗಿಸುತ್ತವೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡಾ 82 ದಾಟಿತ್ತು, ರಾಜ್ಯದ್ದು 75ರ ಆಸುಪಾಸು. ಪಟ್ಟಣಗಳಲ್ಲಿ ಇದ್ದವರು ಹೆಚ್ಚುಕಡಿಮೆ ಏಳರಲ್ಲಿ ಒಬ್ಬರು. ಸಾಕ್ಷರತೆ ಹೆಚ್ಚು, ಪಟ್ಟಣ ಚಿಕ್ಕದು, ಇನ್ನೇನು ಸಮಸ್ಯೆ ಅಂತ ಕೇಳುವವರಿಗೆ ಉತ್ತರ ಬೆಳಿಗ್ಗೆ ಎಂಟು ಗಂಟೆಗೆ ಬಸ್ ನಿಲ್ದಾಣದ ಹತ್ತಿರ ನಿಂತರೆ ಸಿಗುತ್ತದೆ. ಗಾರೆ ಕೆಲಸದವರು, ಹೋಟೆಲಿನ ಪಾತ್ರೆ ತೊಳೆಯುವವರು, ಲಾಡ್ಜಿನ ಹಾಸಿಗೆ ಬದಲಿಸುವವರು. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿ, ಆ ಕೆಲಸ ಬೇಡವೆಂದು ಪಟ್ಟಣದ ಬಾಡಿಗೆ ಕೋಣೆಗೆ ಬಂದವರು. 2018ರ ಆಗಸ್ಟಿನಲ್ಲಿ ಮನೆಯ ಹಿಂದಿನ ಗುಡ್ಡ ಜಾರಿದಾಗ ಎಲ್ಲವನ್ನೂ ಕಳೆದುಕೊಂಡವರು. ಅವರಲ್ಲಿ ಕೆಲವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಮನೆ ಆಯಿತು, ಒಳ್ಳೆಯದೇ. ಆದರೆ ಮನೆ ಅಲ್ಲಿ, ಕೂಲಿ ಇಲ್ಲಿ. ನಡುವೆ ಬಸ್ಸಿನ ಖರ್ಚು. ಕುಶಾಲನಗರದ ಕಡೆ ಹೋದರೆ ಬಸವನಹಳ್ಳಿ, ಬ್ಯಾಡಗೊಟ್ಟ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಿಂದ ಎಬ್ಬಿಸಿದ ಆದಿವಾಸಿ ಕುಟುಂಬಗಳಿಗೆ ಆಮೇಲೆ ಜಾಗ ಕೊಟ್ಟದ್ದು ಅಲ್ಲಿ. ಕಾಡಂಚಿನಲ್ಲಿ ಬೆಳೆದ ಮನುಷ್ಯ ಈಗ ಪಟ್ಟಣದ ಅಂಚಿನಲ್ಲಿ ಕೆಲಸ ಹುಡುಕುತ್ತಿದ್ದಾನೆ. ಅವನಿಗೆ ಗೊತ್ತಿದ್ದ ಕೆಲಸಗಳಲ್ಲಿ ಎಷ್ಟಕ್ಕೆ ಕುಶಾಲನಗರದಲ್ಲಿ ಕೂಲಿ ಸಿಗುತ್ತದೆ?

ಇವರಲ್ಲಿ ಹಲವರ ಮನೆಮಾತು ಕನ್ನಡ ಅಲ್ಲ, ಇದನ್ನೂ ನಾವು ಮರೆಯುತ್ತೇವೆ. ನನ್ನ ತರಗತಿಯಲ್ಲಿ ಒಬ್ಬರು ಮನೆಯಲ್ಲಿ ಮಲಯಾಳಂ, ಸಾಹುಕಾರರ ಹತ್ತಿರ ಕೊಡವ ತಕ್ಕ್, ಪಕ್ಕದ ಮನೆಯವರೊಡನೆ ಅರೆಭಾಷೆ, ಮೇಸ್ತ್ರಿ ಹತ್ತಿರ ತಮಿಳು, ಆಫೀಸಿನಲ್ಲಿ ಕನ್ನಡ ಆಡುತ್ತಿದ್ದರು. ಐದು ಭಾಷೆ. ಜನಗಣತಿಯ ಪಟ್ಟಿಯಲ್ಲಿ ಅವರು ಅನಕ್ಷರಸ್ಥೆ. ಎರಡು ಭಾಷೆಯಲ್ಲಿ ತಡವರಿಸುವ ನಾನು ಅವರ ಟೀಚರು.

ಈಗ ಚಾಳೀಸಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಸಹಿಸಿಕೊಳ್ಳಿ. ಎರಡನೇ ವರ್ಷ ಒಬ್ಬ ಅಕ್ಕ, ನಲವತ್ತೈದರ ಹತ್ತಿರದವರು, ಕಪ್ಪುಹಲಗೆಯ ಮೇಲೆ ಬರೆದದ್ದನ್ನು ಚೆನ್ನಾಗಿ ಓದುತ್ತಿದ್ದರು. ಪುಸ್ತಕ ಕೊಟ್ಟರೆ ಮಾತ್ರ ‘ಮರೆತು ಹೋಯಿತು ಟೀಚರೇ’. ನಾನು ಮೂವತ್ತು ವರ್ಷ ಪಾಠ ಮಾಡಿದವಳು, ನನಗೆ ಹೊಳೆಯಲಿಲ್ಲ. ಒಂದು ದಿನ ನನ್ನ ಕನ್ನಡಕ ಮೇಜಿನ ಮೇಲಿತ್ತು. ತಮಾಷೆಗೆ ಹಾಕಿಕೊಂಡರು. ಹಾಕಿಕೊಂಡವರು ತೆಗೆಯಲೇ ಇಲ್ಲ. ಪುಟ ನೋಡುತ್ತಾ ಕೂತರು. ಅವರಿಗೆ ಅಕ್ಷರ ಮರೆತಿರಲಿಲ್ಲ, ಕಂಡೇ ಇರಲಿಲ್ಲ. ನಲವತ್ತರ ಮೇಲೆ ಹತ್ತಿರದ್ದು ಮಸುಕಾಗುತ್ತದೆ, ಕನ್ನಡದಲ್ಲಿ ಅದಕ್ಕೆ ಚಾಳೀಸು ಅಂತ ಹೆಸರೇ ಇದೆ. ಓದು ಬಲ್ಲವರಿಗೆ ಅದು ಬೇಗ ಗೊತ್ತಾಗುತ್ತದೆ, ಪೇಪರನ್ನು ದೂರ ಹಿಡಿಯುತ್ತೇವೆ. ಓದದವರಿಗೆ ಗೊತ್ತಾಗುವುದು ಸೂಜಿಗೆ ದಾರ ಪೋಣಿಸುವಾಗ, ಅಕ್ಕಿಯಲ್ಲಿ ಕಲ್ಲು ಆರಿಸುವಾಗ. ಅದಕ್ಕೆ ಮೊಮ್ಮಕ್ಕಳನ್ನು ಕರೆಯುತ್ತಾರೆ, ಡಾಕ್ಟರ ಹತ್ತಿರ ಹೋಗುವುದಿಲ್ಲ.

ಆಮೇಲೆ ಇದರ ಬಗ್ಗೆ ಓದಿದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ಒಂದು ಅಧ್ಯಯನ ನಡೆದಿತ್ತು, 2018ರಲ್ಲಿ ಪ್ರಕಟವಾಯಿತು. ನಲವತ್ತು ವರ್ಷ ಮತ್ತು ಮೇಲ್ಪಟ್ಟ 751 ಕೆಲಸಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಗಲೇ ಚಾಳೀಸು ಕನ್ನಡಕ ಕೊಟ್ಟರು, ಇನ್ನೊಂದಕ್ಕೆ ಅಧ್ಯಯನ ಮುಗಿದ ಮೇಲೆ. ಕನ್ನಡಕ ಸಿಕ್ಕವರು ಕೊಯ್ದ ಎಲೆಯ ತೂಕ ಇನ್ನೊಂದು ಗುಂಪಿಗಿಂತ ಶೇಕಡಾ 21ಕ್ಕೂ ಮಿಕ್ಕಿ ಏರಿತು. ಕಾಫಿ ಹಣ್ಣು ಕೊಯ್ಯುವ, ಬೇಳೆ ಹೆಕ್ಕುವ ನಮ್ಮ ಹೆಂಗಸರನ್ನು ನೆನೆಸಿಕೊಳ್ಳಿ. ಈಗ ನನ್ನ ತರಗತಿಯ ಮೊದಲ ದಿನ ಅಕ್ಷರ ಇಲ್ಲ. ಮೇಜಿನ ಮೇಲೆ ಬೇರೆ ಬೇರೆ ನಂಬರಿನ ಐದಾರು ಕನ್ನಡಕ, ಪಕ್ಕದಲ್ಲಿ ಸೂಜಿ ದಾರ. ದಾರ ಪೋಣಿಸಲು ಆದರೆ ಆ ನಂಬರು. ಸಂಶಯ ಬಂದವರನ್ನು ಜಿಲ್ಲಾಸ್ಪತ್ರೆಗೆ ಕಳಿಸುತ್ತೇವೆ, ಪೊರೆಯೋ ಸಕ್ಕರೆ ಕಾಯಿಲೆಯೋ ಇದ್ದರೆ ಅಲ್ಲಿ ತಿಳಿಯುತ್ತದೆ. ನಾನು ಮಾಡಿದ ಕೆಲಸಗಳಲ್ಲಿ ಅತಿ ಅಗ್ಗದ್ದು ಮತ್ತು ಅತಿ ಉಪಯೋಗಕ್ಕೆ ಬಂದದ್ದು ಇದೇ.

ಸಮಯದ ಮಾತಿಗೆ ಬರೋಣ. ಮಳೆಗಾಲ ತರಗತಿಗೆ ಆಗಿಬರುವುದಿಲ್ಲ ಅಂತ ಕೊಡೆಯ ಕಥೆ ಕೇಳಿ ತೀರ್ಮಾನಿಸಿದ್ದೆ. ಅದೂ ತಪ್ಪು. ಮಳೆಗಾಲದಲ್ಲಿ ಗಾರೆ ಕೆಲಸ ನಿಲ್ಲುತ್ತದೆ, ತೋಟದ ಕೆಲಸ ಕಡಿಮೆ, ಪುರುಸೊತ್ತು ಇರುವುದೇ ಆಗ. ಅವರಿಗೆ ಹತ್ತಿ ಬರಲು ಆಗದಿದ್ದರೆ ನಾನು ಇಳಿದು ಹೋಗಬಹುದಿತ್ತು. ಮರುವರ್ಷ ಕಾಲೋನಿಯಲ್ಲೇ ಒಬ್ಬರ ಜಗಲಿಯಲ್ಲಿ ಕೂತೆವು. ನಿಜವಾಗಿ ತರಗತಿ ಆಗದ ತಿಂಗಳುಗಳು ಬೇರೆ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೆ ರೊಬಸ್ಟಾ, ಮಾರ್ಚಿನವರೆಗೆ. ಪಟ್ಟಣದವರೂ ಜೀಪು ಹತ್ತಿ ತೋಟಕ್ಕೆ ಹೋಗುತ್ತಾರೆ, ಕಿಲೋ ಲೆಕ್ಕದಲ್ಲಿ ದುಡ್ಡು ಬರುವ ಕಾಲ ಅದು. ನಡುವೆ ಕ್ರಿಸ್‌ಮಸ್ ರಜೆಯಲ್ಲಿ ಲಾಡ್ಜುಗಳು ತುಂಬುತ್ತವೆ. ದಸರಾದ ಮಂಟಪಗಳ ಮೆರವಣಿಗೆಯ ರಾತ್ರಿ ಯಾರೂ ಮಲಗುವುದೇ ಇಲ್ಲ, ಇನ್ನು ಓದುವುದೆಲ್ಲಿ. ಶನಿವಾರ ಭಾನುವಾರ ನಮಗೆ ರಜೆ, ಪ್ರವಾಸಿಗರನ್ನು ನಂಬಿದವರಿಗೆ ದುಡಿಮೆ. ಇಷ್ಟು ಸಾಲದು ಅಂತ ವಾರಕ್ಕೊಮ್ಮೆ ಸಂಘದ ಕಂತು ಕಟ್ಟುವ ಹೊತ್ತು. ಆ ಹೊತ್ತಿಗೆ ಪಾಠ ಇಟ್ಟರೆ ಸರಸ್ವತಿಯೇ ಬಂದು ಕೂತರೂ ಯಾರೂ ಬರುವುದಿಲ್ಲ.

ಏನು ಕಲಿಸಬೇಕು? ವರ್ಣಮಾಲೆಯಿಂದ ಶುರು ಮಾಡಿ ಋ, ೠ ದಾಟುವಷ್ಟರಲ್ಲಿ ಅರ್ಧ ಜನ ಖಾಲಿ. ನಾವು ಈಗ ಶುರು ಮಾಡುವುದು ಬಸ್ಸಿನ ಬೋರ್ಡಿನಿಂದ. ವಿರಾಜಪೇಟೆ, ಸೋಮವಾರಪೇಟೆ. ಕೊನೆಯ ‘ಪೇಟೆ’ ಒಂದೇ, ಮೊದಲಿನದ್ದು ನೋಡಬೇಕು ಅಂತ ಅವರೇ ಕಂಡುಹಿಡಿಯುತ್ತಾರೆ. ಆಮೇಲೆ ಗ್ಯಾಸ್ ಚೀಟಿ, ಮಾತ್ರೆಯ ಪಟ್ಟಿ, ಕರೆಂಟ್ ಬಿಲ್ಲು, ‘ಶಕ್ತಿ’ ಪತ್ರಿಕೆಯ ತಲೆಬರಹ. ಲೆಕ್ಕವನ್ನು ಬಹಳ ಕಲಿಸಬೇಕಾಗಿಲ್ಲ. ಕೊಯ್ದ ಕಿಲೋಗೆ ಕೂಲಿ ಎಷ್ಟು, ತೋಟದ ಲೆಕ್ಕ ಬರೆಯುವ ರೈಟರು ಎಷ್ಟು ಬರೆದುಕೊಂಡ ಅನ್ನುವುದು ಅವರಿಗೆ ಬಾಯಲ್ಲೇ ಇರುತ್ತದೆ. ಅದನ್ನು ಕಾಗದಕ್ಕೆ ಇಳಿಸುವುದಷ್ಟೇ ನಮ್ಮ ಕೆಲಸ.

ಸಹಿಯ ಬಗ್ಗೆ ಒಂದು ಮಾತು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದ ಉತ್ಸಾಹ ಕಂಡವಳು ನಾನು. ಹೆಬ್ಬೆಟ್ಟಿನಿಂದ ಸಹಿಗೆ ಬಂದರು ಅಂತ ಚಪ್ಪಾಳೆ ತಟ್ಟಿದ್ದೇವೆ. ಈಗ ಯೋಚಿಸಿದರೆ, ಓದಲು ಬಾರದೆ ಸಹಿ ಮಾತ್ರ ಬಲ್ಲ ಮನುಷ್ಯನಿಂದ ಹೆಚ್ಚು ಅನುಕೂಲ ಸಾಲ ಕೊಡುವವನಿಗೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ನನ್ನ ತರಗತಿಯಲ್ಲಿ ಸಹಿ ಕೊನೆಯ ಪಾಠ. ಬಡ್ಡಿ, ಕಂತು, ಜಾಮೀನು ಅನ್ನುವ ಮೂರು ಪದ ಓದಲು ಬಂದ ಮೇಲೆ.

ಸರ್ಕಾರದ ಕಾರ್ಯಕ್ರಮ ಇಲ್ಲವೇ ಅಂದರೆ, ಇದೆ. ‘ಉಲ್ಲಾಸ್’ ಹೆಸರಿನದ್ದು, 2022ರಿಂದ 2027ರವರೆಗೆ, 15 ವರ್ಷ ದಾಟಿದವರಿಗೆ. ಕಲಿಸುವವರು ಸ್ವಯಂಸೇವಕರು. ಕೊನೆಗೆ 150 ಅಂಕದ ಪರೀಕ್ಷೆ, ಓದು, ಬರಹ, ಲೆಕ್ಕ ತಲಾ 50. ಬರೆದು ಪಾಸಾದವರಿಗೆ ಪ್ರಮಾಣಪತ್ರ ಕೊಡುತ್ತಾರೆ. ಚೆನ್ನಾಗಿದೆ. ಆದರೆ ಆ ಪತ್ರ ಹಿಡಿದು ಹೋದರೆ ಕೆಲಸ ಕೊಡುವವರು ಕೇಳುವುದು ‘ಎಸ್ಸೆಸ್ಸೆಲ್ಸಿ ಆಗಿದೆಯಾ?’

ಅಲ್ಲಿಂದ ಕಾಗದದ ಕಾಡು ಶುರು. ಏಳನೇ ತರಗತಿಗೆ ಬಿಟ್ಟ ಹೆಂಗಸು ಹತ್ತನೆಯದನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. ಇಲ್ಲವೇ ರಾಷ್ಟ್ರೀಯ ಮುಕ್ತ ಶಾಲೆಗೆ ಸೇರಬಹುದು. ಅದು ನನಗೆ ಹೆಚ್ಚು ಇಷ್ಟ. 14 ವರ್ಷ ತುಂಬಿದರೆ ಸಾಕು, ಮೇಲೆ ವಯಸ್ಸಿನ ಮಿತಿ ಇಲ್ಲ. ಒಮ್ಮೆ ಸೇರಿದರೆ ಐದು ವರ್ಷದೊಳಗೆ ಒಂಬತ್ತು ಅವಕಾಶ, ಒಂದೊಂದೇ ವಿಷಯ ಮುಗಿಸುತ್ತಾ ಹೋಗಬಹುದು. ಕೊಯ್ಲಿನ ವರ್ಷ ಒಂದು, ಮಗಳ ಬಾಣಂತನದ ವರ್ಷ ಒಂದು ತಪ್ಪಿದರೂ ದಾರಿ ಮುಚ್ಚುವುದಿಲ್ಲ. ಆದರೆ ಅರ್ಜಿಗೆ ಹುಟ್ಟಿದ ದಿನಾಂಕದ ದಾಖಲೆ ಬೇಕು. ರೇಷನ್ ಕಾರ್ಡಿನಲ್ಲಿ ಪಾತುಮ್ಮ, ಆಧಾರಿನಲ್ಲಿ ಫಾತಿಮಾ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇನ್ನೊಂದು. ಆಧಾರಿನಲ್ಲಿ ಹೆಸರು ತಿದ್ದಲು ಎರಡೇ ಸಲ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಸೈಬರ್ ಸೆಂಟರಿನ ಹುಡುಗ ಅವಸರದಲ್ಲಿ ಆ ಒಂದು ಸಲವನ್ನು ಖರ್ಚು ಮಾಡಿಬಿಟ್ಟರೆ ಆಮೇಲೆ ವರ್ಷಗಟ್ಟಲೆ ಅಲೆದಾಟ. ಹಾಗಾಗಿ ನನ್ನ ಕಟ್ಟಪ್ಪಣೆ: ಮೊದಲು ಹಳೆಯ ಶಾಲೆಗೆ ಹೋಗಿ, ದಾಖಲಾತಿ ಪುಸ್ತಕದ ಉತಾರ ತನ್ನಿ, ಆಮೇಲೆ ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ. ಶಾಲೆಯೇ ಮುಚ್ಚಿದ್ದರೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿ.

ಇಲ್ಲಿ ಬೇಕಾಗುವುದು ಪಾಠ ಅಲ್ಲ, ಜೊತೆ. ಒಂದು ಕಚೇರಿಯಲ್ಲಿ ಕಿಟಕಿಯ ಒಳಗಿನವರು ನಮ್ಮ ಅಕ್ಕನಿಗೆ ‘ಈ ವಯಸ್ಸಿನಲ್ಲಿ ಎಂತಕ್ಕೆ?’ ಅಂದರು. ಯಾವ ಕಚೇರಿ ಅಂತ ಬೇಡ. ಅವರು ಕೆಟ್ಟವರಲ್ಲ, ಬಾಯಿಗೆ ಬಂದದ್ದು ಅಂದರು. ಅಕ್ಕ ತಿರುಗಿ ಹೊರಟೇಬಿಟ್ಟಿದ್ದರು. ನಾನು ಪಕ್ಕದಲ್ಲಿ ಇದ್ದೆ, ಹಾಗಾಗಿ ಅರ್ಜಿ ಒಳಗೆ ಹೋಯಿತು. ನಾನು ಇಲ್ಲದಿದ್ದರೆ ಇನ್ನೊಂದು ಷರಾ: ಆಸಕ್ತಿ ಇಲ್ಲ.

ಕೆಲಸದ ವಿಷಯ. ಯುವನಿಧಿ ಬಂದಾಗ ಕಾಲೋನಿಯಲ್ಲಿ ಬಹಳ ಜನ ಕೇಳಿದರು. ಅದು ಪದವಿ ಮುಗಿಸಿದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷ. ಎಂಟನೆಯದಕ್ಕೆ ಬಿಟ್ಟ ಮೂವತ್ತೈದರ ನಿರುದ್ಯೋಗಿಗೆ ಅದರಲ್ಲಿ ಜಾಗ ಇಲ್ಲ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟಿಯ ಮಾದರಿಯಲ್ಲಿ ದೇಶದ ಜಿಲ್ಲೆಗಳಲ್ಲಿ ಸ್ವಉದ್ಯೋಗ ತರಬೇತಿ ಕೇಂದ್ರಗಳಾದವು. ಊಟ, ವಸತಿ, ಕಲಿಕೆ ಎಲ್ಲ ಉಚಿತ, ನನಗೆ ಆ ಮಾದರಿಯ ಮೇಲೆ ಗೌರವ ಇದೆ. ಆದರೆ ಅವು ಮುಖ್ಯವಾಗಿ ಗ್ರಾಮೀಣ ಯುವಜನರಿಗೆ. ಜೊತೆಗೆ, ಮನೆ ಬಿಟ್ಟು ವಾರಗಟ್ಟಲೆ ಉಳಿಯಲು ಎರಡು ಮಕ್ಕಳ ತಾಯಿಗೆ ಯಾರು ಬಿಡುತ್ತಾರೆ?

ಟೈಲರಿಂಗ್ ತರಬೇತಿ ಬಗ್ಗೆ ನನ್ನ ಅಭಿಪ್ರಾಯ ಹೇಳಿದರೆ ಇಲ್ಲಿ ಕೆಲವರಿಗೆ ಬೇಸರವಾಗಬಹುದು. ಹೆಂಗಸರು ಅಂದ ಕೂಡಲೇ ಹೊಲಿಗೆ ಮಿಶಿನು. ಒಂದು ಓಣಿಯಲ್ಲಿ ಒಂಬತ್ತು ಮಿಶಿನು ಇದ್ದರೆ ಬ್ಲೌಸು ಹೊಲಿಸುವವರು ಯಾರು? ಇದ್ದ ಕೆಲಸಗಳೂ ಹೋಗುತ್ತಿವೆ. ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಾಲಾಗಿ ಕೂತು ಕಾಫಿ ಬೇಳೆ ಹೆಕ್ಕುತ್ತಿದ್ದ ಹೆಂಗಸರ ಜಾಗದಲ್ಲಿ ಬಣ್ಣ ನೋಡಿ ಬೇರ್ಪಡಿಸುವ ಯಂತ್ರಗಳು ಬಂದಿವೆ. ಬೆಳೆಯುತ್ತಿರುವುದು ಅಡುಗೆ, ಹೋಂಸ್ಟೇ, ಡ್ರೈವಿಂಗ್, ವೃದ್ಧರ ಆರೈಕೆ. ಮಕ್ಕಳು ಬೆಂಗಳೂರಲ್ಲೋ ವಿದೇಶದಲ್ಲೋ ಇರುವ ಎಷ್ಟು ಮನೆಗಳಲ್ಲಿ ವಯಸ್ಸಾದವರು ಇಬ್ಬರೇ ಇದ್ದಾರೆ ಅಂತ ನಿಮಗೇ ಗೊತ್ತು.

ಒಬ್ಬರ ಬಯೋಡೇಟಾ ಬರೆಯಲು ಕೂತೆ. ‘ಕೆಲಸದ ಅನುಭವ?’ ‘ಏನೂ ಇಲ್ಲ ಟೀಚರೇ. ಬಂಗಲೆಯಲ್ಲಿ ಒಲೆ ಮುಂದೆ ಇದ್ದೆ, ಅಷ್ಟೇ.’ ಎಷ್ಟು ವರ್ಷ? ಹನ್ನೊಂದು. ಎಷ್ಟು ಜನಕ್ಕೆ? ‘ಸೀಸನ್ನಲ್ಲಿ ನಲವತ್ತು ಆಗ್ತಿತ್ತು.’ ಏನೇನು? ಕಡಂಬುಟ್ಟು, ನೂಪುಟ್ಟು, ಪಂದಿ ಕರಿ, ಮಾಂಸ ತಿನ್ನದವರಿಗೆ ಬೇರೆ. ಸಾಮಾನು ಯಾರು ತರುತ್ತಿದ್ದರು? ‘ಚೀಟಿ ನಾನೇ ಹೇಳಿ ಬರೆಸ್ತಿದ್ದೆ. ಕಾಚಂಪುಳಿ (ಪಂದಿ ಕರಿಗೆ ಹಾಕುವ ಕಪ್ಪು ಹುಳಿ) ಒಳ್ಳೇದಾ ಕಲಬೆರಕೆಯಾ ನಾಲಿಗೆಗೆ ಗೊತ್ತಾಗ್ತದೆ.’ ಒಂದು ಪುಟ ತುಂಬಿತು. ಓದಿ ಹೇಳಿದೆ. ‘ಇದು ಯಾರದ್ದು?’ ಅಂದರು, ನಗುತ್ತಾ. ಅವರು ಈಗ ಮನೆಯಿಂದಲೇ ಊಟ ಮಾಡಿಕೊಡುತ್ತಾರೆ. ವಹಿವಾಟು ಚಿಕ್ಕದಿದ್ದರೆ ಆಹಾರ ಸುರಕ್ಷತೆಯ ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಅಷ್ಟೇ. ಅದಕ್ಕೆ ಯಾರೋ ಏಜೆಂಟು 3,000 ಕೇಳಿದ್ದನಂತೆ.

ಏಜೆಂಟು ಅಂದಾಗ ನೆನಪಾಯಿತು. ಗಲ್ಫಿಗೆ ಹೋಗುವವರು ನಮ್ಮ ಜಿಲ್ಲೆಯಲ್ಲಿ ಕಡಿಮೆ ಇಲ್ಲ. ಹತ್ತನೆಯದು ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ‘ಇಸಿಆರ್’ ವರ್ಗದ್ದು, ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ಅನುಮತಿ ಬೇಕು. ಅದು ತೊಂದರೆ ಅಲ್ಲ, ರಕ್ಷಣೆ. ನೋಂದಾಯಿತ ಏಜೆಂಟು ಸೇವಾಶುಲ್ಕ ಅಂತ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ‘ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಸರಿಮಾಡ್ತೇವೆ’ ಅಂದರೆ ದುಡ್ಡು ಕೊಡಬೇಡಿ. ವಾಟ್ಸಾಪಿನಲ್ಲಿ ಕೆಲಸ ಕೊಡುತ್ತೇವೆಂದು ಮೊದಲು ಶುಲ್ಕ ಕೇಳುವವರಿಗೂ ಅಷ್ಟೇ. ಹೋದ ದುಡ್ಡಿಗೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು, ನಾಳೆ ಅಂದರೆ ಸಿಗುವುದಿಲ್ಲ.

ಇಷ್ಟು ಹೇಳಿ ಕೂರುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಅಂಗನವಾಡಿ ಕಾರ್ಯಕರ್ತೆ ಕೇಳಿದರು: ‘ಟೀಚರ್, ಎಲ್ಲ ಹೆಂಗಸರ ಕಥೆಯೇ ಆಯಿತು. ಗಂಡಸರು ಬರೋದೇ ಇಲ್ವಾ?’

ಬರುತ್ತಿರಲಿಲ್ಲ. ಹೆಂಡತಿಯರ ಎದುರು ಸ್ಲೇಟು ಹಿಡಿಯಲು ಅವರಿಗಾಗದು. ಆಮೇಲೆ ಒಂದು ಸಂಗತಿ ಕೈಗೆ ಸಿಕ್ಕಿತು. ಬಾಡಿಗೆ ವಾಹನ ಓಡಿಸುವ ಲೈಸೆನ್ಸಿಗೆ ಎಂಟನೇ ತರಗತಿ ಆಗಿರಬೇಕು ಅನ್ನುವ ನಿಯಮವನ್ನು 2019ರಲ್ಲೇ ಕೇಂದ್ರ ಸರ್ಕಾರ ತೆಗೆದುಹಾಕಿದೆ. ನಮ್ಮ ಕಾಲೋನಿಗೆ ಆ ಸುದ್ದಿ ಬಂದಿರಲಿಲ್ಲ. ಪ್ರವಾಸಿಗರು ಹೋಗುವ ಮಾಂದಲಪಟ್ಟಿ ಗುಡ್ಡಕ್ಕೆ ಜೀಪು ಓಡಿಸುವ ಆಸೆ ಇಟ್ಟುಕೊಂಡ ಹುಡುಗರು ‘ನಮಗೆ ಎಂಟನೇದು ಇಲ್ಲ’ ಅಂತ ಕ್ಲೀನರುಗಳಾಗಿಯೇ ಉಳಿದಿದ್ದರು. ವಿಷಯ ತಿಳಿಸಿದೆ. ಆದರೂ ಎಲ್‌ಎಲ್‌ಗೆ, ಅಂದರೆ ಕಲಿಕಾ ಲೈಸೆನ್ಸಿಗೆ, ಕಂಪ್ಯೂಟರಿನಲ್ಲಿ ಪ್ರಶ್ನೆ ಓದಿ ಉತ್ತರ ಒತ್ತಬೇಕಲ್ಲ. ‘ಸಂಚಾರ ಚಿಹ್ನೆ ತರಗತಿ’ ಅಂತ ಬೇರೆ ಹೆಸರಿಟ್ಟು ಮಂಗಳವಾರ ರಾತ್ರಿ ಎಂಟಕ್ಕೆ ಕರೆದೆ. ಏಳು ಜನ ಬಂದರು. ‘ಮುಂದೆ ತಿರುವು ಇದೆ’ ಅಂತ ಓದಿಸುತ್ತೇವೆ, ಅದರಲ್ಲೇ ಒತ್ತಕ್ಷರ, ಗುಣಿತ ಎಲ್ಲ ಬರುತ್ತದೆ. ಇಬ್ಬರಿಗೆ ಎಲ್‌ಎಲ್ ಆಗಿದೆ. ಒಬ್ಬ ಎರಡು ಸಲ ಫೇಲಾಗಿ ಈಗ ಬರುತ್ತಿಲ್ಲ. ಅವನ ಹೆಸರಿನ ಎದುರು ಏನೂ ಬರೆದಿಲ್ಲ. ನಾಡಿದ್ದು ಅವನ ಮನೆ ಕಡೆ ಹೋಗುವುದಿದೆ, ನಿಮ್ಮಲ್ಲಿ ಯಾರಾದರೂ ಗಂಡಸರು ಜೊತೆಗೆ ಬಂದರೆ ಒಳ್ಳೆಯದು.